ವಿಶೇಷಣಚಿಹ್ನೆಯ ವಿಚಾರ

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆದುಕೊಡುವ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪಿ.ಎಚ್.ಪಿ. ಎಂಬುದೊಂದು. ಅದರ ೮ನೆಯ ಆವೃತ್ತಿಯು ೨೦೨೦ರ ನವೆಂಬರಿನಲ್ಲಿ ಹೊರಬರುವುದಕ್ಕೆ ಮುನ್ನ, ವಿಶೇಷಣಗಳನ್ನು ಯಾವ ಚಿಹ್ನೆಯಿಂದ ಬರೆಯತಕ್ಕದ್ದೆಂಬ ವಿಷಯದಲ್ಲಿ ಅದರ ನಿರ್ಮಾಪಕರು ಆ ಒಂದೇ ವರ್ಷದಲ್ಲಿ ಮೂರು ಬಾರಿ ಮತವೆಣಿಸಿದರು. ಮೊದಲು ಜೋಡಿ ಕೋನಾವರಣವು ಗೆದ್ದಿತು; ಬಳಿಕ @@ ಎಂಬುದು; ಕಡೆಗೆ ನಿಂತದ್ದು #[ ]. ಹೊರಗಿನವರಿಗೆ ಇದು ಅಲ್ಪವಿಷಯದ ಕಲಹವೆಂದು ತೋರಬಹುದು. ವ್ಯಾಕರಣವನ್ನು ಬೋಧಿಸುವವರಿಗೆ ಹಾಗೆ ತೋರಲಾರದು.

ಇಲ್ಲಿ ವಿಶೇಷಣವೆಂದರೆ ಫಂಕ್ಷನ್ ಮೊದಲಾದುವುಗಳ ಮುಂದೆ ಇರಿಸುವ ಗುರುತು: ‘ಇದನ್ನು ಇನ್ನು ಬಳಸಕೂಡದು’ ಎಂಬಂಥ ಮಾತು. ಹಿಂದೆ ಇದನ್ನು ಟಿಪ್ಪಣಿಯೊಳಗೆ ಬರೆಯುತ್ತಿದ್ದರು. ಟಿಪ್ಪಣಿಯೋ ಮನುಷ್ಯರಿಗಾಗಿ ಇರುವುದು. ಭಾಷೆಯು ಅದನ್ನು ಆಜ್ಞೆಯೆಂದೆಣಿಸದು. ಡಾಕ್ಟ್ರಿನ್ ಮೊದಲಾದ ಸಾಧನಗಳು ಅದನ್ನು ಬೇರೆಯಾಗಿ ಓದಿ ಅರ್ಥಮಾಡಬೇಕಾಗಿತ್ತು. ಟಿಪ್ಪಣಿಯಲ್ಲಿ ಅಡಗಿದ್ದ ಅರ್ಥವನ್ನು ಮೂಲಪಾಠಕ್ಕೆ ತರುವುದೇ ಹೊಸ ಏರ್ಪಾಡಿನ ಉದ್ದೇಶ.

ಜಾವಾ ಭಾಷೆಯಲ್ಲಿರುವಂತೆ ಒಂಟಿ @ ಸಾಕಾಗುತ್ತಿತ್ತಲ್ಲ ಎಂದರೆ, ಪಿ.ಎಚ್.ಪಿ.ಯಲ್ಲಿ ಅದು ದೋಷಸೂಚನೆಯನ್ನು ಅಡಗಿಸುವ ಚಿಹ್ನೆಯಾಗಿ ಮೊದಲೇ ರೂಢವಾಗಿದೆ. (ಅಡಗಿಸುವ ಚಿಹ್ನೆಗೆ ಇಷ್ಟು ಒಳ್ಳೆಯ ಸ್ಥಾನವನ್ನು ಕೊಟ್ಟದ್ದೇ ಅವಿವೇಕವೆಂದು ನನಗೆ ತೋರುತ್ತದೆ.) ಕೋನಾವರಣದ ಪೂರ್ವಾರ್ಧಕ್ಕೂ ಅಂಕಿಗಳನ್ನು ಸ್ಥಾನಪಲ್ಲಟಗೊಳಿಸುವ ಬೇರೊಂದು ಅರ್ಥವುಂಟು. @@ ಹ್ರಸ್ವವಾಗಿದ್ದರೂ ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ವಿಶೇಷಣವೆಲ್ಲಿ ಮುಗಿಯಿತು, ವಿಶೇಷ್ಯವೆಲ್ಲಿ ತೊಡಗಿತು ಎಂಬುದನ್ನು ಓದುವವನು ಸಂದರ್ಭದಿಂದಲೇ ಊಹಿಸಬೇಕು. ಅನ್ವಯವು ಊಹೆಯ ಪಾಲಾದಲ್ಲಿ ಪಾಠವು ಕ್ಲಿಷ್ಟವಾಗುತ್ತದೆ. #[ ] ಎಂಬುದರಲ್ಲಿ ಈ ದೋಷವಿಲ್ಲ. ರಸ್ಟ್ ಭಾಷೆಯಲ್ಲಿಯೂ ಅದು ಬಳಕೆಯಲ್ಲಿದೆ. ಆದುದರಿಂದ ಕಡೆಯ ನಿರ್ಣಯವು ಯುಕ್ತವೆಂದೇ ನನ್ನ ಮತ.

ಆದರೆ ಅದರ ಪಕ್ಷದಲ್ಲಿ ಹೇಳಿದ ಇನ್ನೊಂದು ಕಾರಣವನ್ನು ನಾನು ಒಪ್ಪಲಾರೆ. # ಎಂಬುದು ಆ ಭಾಷೆಯಲ್ಲಿ ಟಿಪ್ಪಣಿಯ ಗುರುತಾದುದರಿಂದ, ಹಳೆಯ ಆವೃತ್ತಿಗಳು ವಿಶೇಷಣವನ್ನು ಟಿಪ್ಪಣಿಯೆಂದೆಣಿಸಿ ಬಾಧೆಯಿಲ್ಲದೆ ದಾಟಿಹೋಗುವುವೆಂದು ವಾದ. ಟಿಪ್ಪಣಿಯಿಂದ ಬಿಡಿಸಿ ತಂದುದನ್ನು ಟಿಪ್ಪಣಿಯಂತೆ ಕಾಣುತ್ತದೆಂದು ಹೊಗಳುವುದು ಸ್ವವಚನವಿರೋಧವಲ್ಲವೆ? ಹಿಂದೆ ಯಾರಾದರೂ ತಮ್ಮ ಟಿಪ್ಪಣಿಯನ್ನು #[ ಎಂದು ಆರಂಭಿಸಿದ್ದರೆ ಅದು ಈಗ ಟಿಪ್ಪಣಿಯಾಗಿ ಉಳಿಯುವುದಿಲ್ಲ. ಅಲ್ಲದೆ ಆ ಸೌಲಭ್ಯವೂ ವಿಶೇಷಣವು ತನ್ನದೇ ಸಾಲಿನಲ್ಲಿ ಒಂಟಿಯಾಗಿದ್ದರೆ ಮಾತ್ರ. ವಿಶೇಷ್ಯವು ಅದೇ ಸಾಲಿನಲ್ಲಿದ್ದರೆ ಹಳೆಯ ಆವೃತ್ತಿಯು ಅದನ್ನೂ ಟಿಪ್ಪಣಿಯೊಡನೆ ನುಂಗಿಬಿಡುತ್ತದೆ. ವಿಶೇಷಣವು ಎರಡನೆಯ ಸಾಲಿಗೆ ಹರಿದರೆ, ಆ ಸಾಲನ್ನು ಆಜ್ಞೆಯೆಂದೇ ಓದಿ ಅಲ್ಲಿಯೇ ಎಡವುತ್ತದೆ.