ಸರ್ವಜ್ಞನ ಸಾಲದ ಪದವೂ ನಮ್ಮ ಮನೆಯ ಲೆಕ್ಕವೂ

ಸಾಲದ ಮಾತು ಬಂದಾಗಲೆಲ್ಲ ಕನ್ನಡಿಗರ ನಾಲಗೆಗೆ ಬರುವುದು ಸರ್ವಜ್ಞನ ಒಂದು ತ್ರಿಪದಿ. ಅದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ, ಸಭೆಗಳಲ್ಲಿ ಹೇಳುತ್ತಾರೆ, ಕೈಗಡ ಕೇಳಲು ಬಂದವನನ್ನು ಸಾಗಹಾಕಲೂ ಬಳಸುತ್ತಾರೆ. ಸಾಲ ಪಡೆಯುವಾಗಿನ ಸುಖವನ್ನು ಬಾಯಿಯ ರುಚಿಗೂ, ಕೊಟ್ಟವನು ವಸೂಲಿಗೆ ಬಂದಾಗಿನ ಸಂಕಟವನ್ನು ಮೈಯ ನೋವಿಗೂ ಹೋಲಿಸುವ ಪದ ಅದು. ಸರ್ವಜ್ಞನ ಊರು ಅಬಲೂರೋ ಮಾಸೂರೋ ಎಂಬ ಚರ್ಚೆ ಹಳೆಯದು. ಎರಡೂ ಇರುವುದು ಇಂದಿನ ಹಾವೇರಿ ಜಿಲ್ಲೆಯಲ್ಲೇ. ಜನರ ಬಾಯಲ್ಲಿದ್ದ ಅವನ ಪದಗಳನ್ನು ಕಲೆಹಾಕಿ 1924ರಲ್ಲಿ ಪುಸ್ತಕವಾಗಿ ತಂದವರು ಕ್ರೈಸ್ತ ಪಾದ್ರಿ ಉತ್ತಂಗಿ ಚನ್ನಪ್ಪನವರು. ಹೀಗೆ ಎಲ್ಲರದೂ ಆಗಿರುವ ಈ ಪದವನ್ನು ಅದರ ನೆಲದಲ್ಲೇ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಇಂದಿನ ಬದುಕಿನ ಎದುರು ಇಟ್ಟು ಓದಬೇಕೆಂದು ನಮಗನಿಸುತ್ತದೆ.

ಈ ಪದದ ಶಕ್ತಿ ಎಲ್ಲಿದೆ? ಅದರಲ್ಲಿ ಅಸಲಿಲ್ಲ, ಬಡ್ಡಿಯಿಲ್ಲ, ವಾಯಿದೆಯಿಲ್ಲ. ಸಾಲವನ್ನು ಅದು ದೇಹದಲ್ಲಿ ಅಳೆಯುತ್ತದೆ. ಸಾಲಗಾರನನ್ನು ಕೊನೆಗೆ ಮುರಿಯುವುದು ಮೊತ್ತಕ್ಕಿಂತ ಹೆಚ್ಚಾಗಿ ಮನೆ ಬಾಗಿಲಲ್ಲಿ ನಿಂತವನ ಕೂಗು ಎಂಬುದನ್ನು ಕವಿ ಕಂಡಿದ್ದ. 2025ರ ಜನವರಿಯಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಾಳಲಾರದೆ ಇದೇ ಹಾವೇರಿ ಜಿಲ್ಲೆಯ ಮಹಿಳೆಯರು ತಮ್ಮ ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳುಹಿಸಿದರು. ಆ ಪದಕ್ಕೆ ಇದಕ್ಕಿಂತ ಕಠೋರವಾದ ವ್ಯಾಖ್ಯಾನ ಬೇಕಿಲ್ಲ. ಮರುತಿಂಗಳ 12ರಂದು ಸರಕಾರದ ಸುಗ್ರೀವಾಜ್ಞೆ ಹೊರಬಿತ್ತು, ಅದೇ ವರ್ಷ ಅದು ಕಾಯ್ದೆಯೂ ಆಯಿತು. ಕಿರುಕುಳ ಕೊಟ್ಟು ವಸೂಲಿ ಮಾಡುವವರಿಗೆ 10 ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು.

ಆದರೆ ಪದದ ಮಿತಿಯೂ ಇಲ್ಲಿಯೇ ಇದೆ. ಪಡೆದ ಗಳಿಗೆಯಿಂದ ಅದು ನೇರವಾಗಿ ವಸೂಲಿಯ ಗಳಿಗೆಗೆ ಜಿಗಿಯುತ್ತದೆ. ನಡುವಿನ ದಿನಗಳಲ್ಲಿ ಏನಾಯಿತು? ಹಣ ಬೀಜ ಗೊಬ್ಬರಕ್ಕೆ ಹೋಯಿತೋ, ಆಸ್ಪತ್ರೆಗೆ ಹೋಯಿತೋ, ಮದುವೆಯ ಪೆಂಡಾಲಿಗೆ ಹೋಯಿತೋ? ಪದ ಹೇಳುವುದಿಲ್ಲ, ಮೂರು ಸಾಲಿನಲ್ಲಿ ಎಲ್ಲವನ್ನೂ ಹೇಳೆಂದು ಕವಿಯನ್ನು ಕೇಳುವುದೂ ಸರಿಯಲ್ಲ. ತಪ್ಪು ಅದನ್ನು ಓದುವವರದು. ಕಷ್ಟಕ್ಕೆ ಮಾಡಿದ ಸಾಲವನ್ನೂ ಶೋಕಿಗೆ ಮಾಡಿದ ಸಾಲವನ್ನೂ ಒಂದೇ ತಕ್ಕಡಿಗೆ ಹಾಕಿ, ಬಡವನಿಗೆ ಬುದ್ಧಿ ಹೇಳುವ ಕೋಲಾಗಿ ಈ ಪದವನ್ನು ಬಳಸಲಾಗುತ್ತಿದೆ.

ಆ ನಡುವಿನ ದಿನಗಳನ್ನು ಬ್ಯಾಡಗಿಯಲ್ಲಿ ನೋಡಬಹುದು. ಮೆಣಸಿನಕಾಯಿಯ ಹಣ ಬರುವುದು ಚಳಿಗಾಲದಿಂದ ಬೇಸಿಗೆಯವರೆಗಿನ ಕೆಲವೇ ತಿಂಗಳಲ್ಲಿ. ಬೆಳೆದವನಿಗೂ, ತೊಟ್ಟು ಬಿಡಿಸುವ ಹೆಂಗಸಿಗೂ, ಚೀಲ ಹೊರುವ ಹಮಾಲನಿಗೂ ಅದೇ ಸುಗ್ಗಿ. ರಾಣೇಬೆನ್ನೂರು ಸೀಮೆಯಲ್ಲಿ ಬೀಜೋತ್ಪಾದನೆಯ ಹೊಲಗಳಿಗೆ ಹೋಗುವ ಕೂಲಿಗಳದೂ ಹಂಗಾಮಿನ ದುಡಿಮೆಯೇ. ಕಂತು ಮಾತ್ರ ಹಂಗಾಮು ನೋಡುವುದಿಲ್ಲ. ವಾರಕ್ಕೋ ತಿಂಗಳಿಗೋ ತಪ್ಪದೆ ಬರುತ್ತದೆ. ಬೆಲೆಯೂ ನಂಬುವಂಥದ್ದಲ್ಲ. 2024ರ ಮಾರ್ಚ್ 11ರಂದು ದರ ಕುಸಿದಾಗ ರೊಚ್ಚಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಮುಂದೆ ಬರಬಹುದಾದ ಬೆಲೆಯನ್ನು ನಂಬಿ ಇಂದೇ ಖರ್ಚು ಮಾಡುವುದು ಎಷ್ಟು ಅಪಾಯವೆಂದು ತಿಳಿಯಲು ಈ ಊರಿಗಿಂತ ದೊಡ್ಡ ಪಾಠಶಾಲೆ ಬೇಡ. ಕಿರುಸಾಲ ಪಡೆದ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ಒಳ್ಳೆಯ ನಿಯಮವೇ. ಆದರೆ ನಮ್ಮ ಆದಾಯ ಎಷ್ಟೆಂದು ನಾವೇ ಬರೆದಿಡದಿದ್ದರೆ ಅದರ ಅರ್ಧ ಎಷ್ಟೆಂದು ಹೇಳುವವರು ಯಾರು?

ಸರ್ವಜ್ಞನ ಪದ ಬಿಟ್ಟುಕೊಟ್ಟ ಈ ಜಾಗದಲ್ಲಿಯೇ ಕುರ್‌ಆನ್ ಮಾತನಾಡುತ್ತದೆ. ಅದರ ಅತ್ಯಂತ ದೀರ್ಘವಾದ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಸಾಲದ ಕುರಿತಾಗಿದೆ. ಸಾಲ ಸಣ್ಣದಿರಲಿ ದೊಡ್ಡದಿರಲಿ, ಅವಧಿ ಸಹಿತ ಬರೆದಿಡಬೇಕು, ಬರೆಯಲು ಬೇಸರಿಸಬಾರದು, ಸಾಕ್ಷಿಗಳಿರಬೇಕು ಎಂಬುದು ಅದರ ತಿರುಳು. ಸಾಲಗಾರನೇ ಹೇಳಿ ಬರೆಸಬೇಕು ಎಂಬ ಮಾತು ಗಮನಾರ್ಹ. ತಾನು ಹೊರುವ ಭಾರ ಎಷ್ಟೆಂದು ಅವನು ತನ್ನ ಬಾಯಲ್ಲೇ ಹೇಳಬೇಕು. ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದಕ್ಕೂ ಇದಕ್ಕೂ ಎಷ್ಟು ಅಂತರ! ಅದಕ್ಕೆ ಎರಡು ಸೂಕ್ತಗಳ ಹಿಂದೆ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂಬ ಉಪದೇಶವಿದೆ. ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಬಾಧಿತರೂ ಒಬ್ಬರು. ಹಾಗೆಂದು ಸಾಲವನ್ನು ಹಗುರವಾಗಿ ಕಾಣಲಾಗಿಲ್ಲ. ಸಾಲ ಉಳಿಸಿ ತೀರಿಕೊಂಡವರ ಜನಾಝಾ ನಮಾಝಿಗೆ ನಿಲ್ಲಲು ಪ್ರವಾದಿಯವರು (ಸ) ಹಿಂಜರಿದದ್ದನ್ನೂ, ಬೇರೊಬ್ಬರು ಹೊಣೆ ಹೊತ್ತ ಮೇಲೆ ನಮಾಝ್ ನಿರ್ವಹಿಸಿದ್ದನ್ನೂ ಹದೀಸ್ ಗ್ರಂಥಗಳು ದಾಖಲಿಸಿವೆ.

ಇಷ್ಟೆಲ್ಲ ಗೊತ್ತಿರುವ ನಮ್ಮ ಸಮುದಾಯದ ಲೆಕ್ಕ ಹೇಗಿದೆ? ಮದುವೆ ಮಂಟಪಕ್ಕೆ ಸಾಲ, ವಲೀಮಾದ ಬಿರಿಯಾನಿಗೆ ಸಾಲ, ಹುಡುಗಿಯ ತಂದೆಯ ಹೆಗಲಿಗೆ ವರದಕ್ಷಿಣೆಯ ಸಾಲ. ಇದನ್ನೆಲ್ಲ ಹೇಗೋ ಹೊಂದಿಸುವ ಮನೆಗಳಲ್ಲಿ ವಧುವಿನ ಮಹ್ರ್ ಮಾತ್ರ ವರ್ಷಗಟ್ಟಲೆ ಬಾಕಿ ಉಳಿಯುತ್ತದೆ. ಮಹ್ರ್ ಕೂಡ ಗಂಡನ ಮೇಲಿರುವ ಸಾಲವೇ ಅಲ್ಲವೇ? ಊರಿಗೆಲ್ಲ ಊಟ ಹಾಕಿ ಹೆಂಡತಿಗೆ ಸಾಲಗಾರನಾಗಿ ಉಳಿಯುವುದು ಯಾವ ಮಿತವ್ಯಯ? ಕೈಯನ್ನು ಕೊರಳಿಗೆ ಕಟ್ಟಿಕೊಳ್ಳಲೂ ಬೇಡಿ, ಪೂರ್ತಿ ಚಾಚಲೂ ಬೇಡಿ ಎಂಬ ಕುರ್‌ಆನಿನ ಎಚ್ಚರಿಕೆಯೂ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯೂ ಬೇರೆಯಲ್ಲ.

ನಮ್ಮ ಪೇಟೆಗಳ ಹಳೆಯ ಅಂಗಡಿಕಾರರು ದಿನದ ಕಿರ್ದಿ ಬರೆಯದೆ ಬಾಗಿಲು ಹಾಕುತ್ತಿರಲಿಲ್ಲ. ಆ ಶಿಸ್ತು ಅಡುಗೆಮನೆಗೂ ಬರಲಿ. ಎರಡು ರೂಪಾಯಿಯ ಚಹಾಪುಡಿಯಿಂದ ಹಿಡಿದು ಕೈಗಡದವರೆಗೆ ಗಂಡ ಹೆಂಡತಿ ಇಬ್ಬರಿಗೂ ಕಾಣುವಂತೆ ಒಂದು ವಹಿ ಇರಲಿ. ಸುಗ್ಗಿಯ ಹಣದಲ್ಲಿ ಮಳೆಗಾಲದ ಪಾಲನ್ನು ಮೊದಲೇ ಎತ್ತಿಡಲಿ. ಮಸೀದಿ ಸಮಿತಿಗಳು ಕಮಾನು, ಮಿನಾರಗಳಿಗೆ ಎತ್ತುವ ಚಂದಾದಲ್ಲಿ ಒಂದು ಭಾಗವನ್ನು ಬಡ್ಡಿಯಿಲ್ಲದ ಕೈಗಡಕ್ಕೆ ಮೀಸಲಿಡಲಿ. ಜಾತಿ ಮತ ಕೇಳದೆ ಕೊಡಲಿ, ಬರೆದೇ ಕೊಡಲಿ. ಬಡವನಿಗೆ ಸರ್ವಜ್ಞನ ಪದ ಹೇಳುವ ಹಕ್ಕು ಅಷ್ಟಾದ ಮೇಲೆ ಬರುತ್ತದೆ.