ರಕ್ಕಸನಿಗೆ ಬೇಕಾದ ಕತ್ತಲು

1933ರ ‘ಕಿಂಗ್ ಕಾಂಗ್’ ಚಿತ್ರದಲ್ಲಿ ದೈತ್ಯ ವಾನರನ ಮೈರೋಮ ಸದಾ ಅಲುಗುತ್ತಲೇ ಇರುತ್ತದೆ. ಅದು ಗಾಳಿಯ ಕೆಲಸವಲ್ಲ. ವಿಲ್ಲಿಸ್ ಓಬ್ರಿಯನ್ ಮತ್ತು ಅವನ ಸಂಗಡಿಗರು ಸುಮಾರು ಒಂದೂವರೆ ಅಡಿಯ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ ತೆಗೆದು, ಮತ್ತೆ ಸರಿಸಿ ಮತ್ತೊಂದು ತೆಗೆದು, ತೆರೆಯ ಮೇಲಿನ ಪ್ರತಿ ಸೆಕೆಂಡಿಗೂ 24 ಚಿತ್ರಗಳನ್ನು ಜೋಡಿಸಿದರು. ಪ್ರತಿಸಲ ಗೊಂಬೆಯನ್ನು ಮುಟ್ಟಿದ ಬೆರಳು ಅದರ ತುಪ್ಪಳವನ್ನು ಚೂರು ಕೆದರಿತು. ತಾಂತ್ರಿಕವಾಗಿ ನೋಡಿದರೆ ಇದು ದೋಷವೇ. ಆದರೂ ತೊಂಬತ್ತು ವರ್ಷಗಳ ಮೇಲೆ ಆ ಚಿತ್ರವನ್ನು ಹುಡುಕಿಕೊಂಡು ನೋಡುವವರು ಮೆಚ್ಚುವುದು ಅಲುಗುವ ಆ ರೋಮವನ್ನೇ. ಹಳೆಯ ದೈತ್ಯಪ್ರಾಣಿ ಚಿತ್ರಗಳ ಆಕರ್ಷಣೆಯನ್ನು ಬಾಲ್ಯದ ಹಂಬಲವೆಂದೋ ಅಗ್ಗದ ಭಯದ ಚಪಲವೆಂದೋ ತಳ್ಳಿಹಾಕುವುದು ಸುಲಭ. ನನ್ನ ವಾದ ಬೇರೆ. ಕಣ್ಣಿಗೆ ಮೋಸ ಮಾಡುವುದು ಆ ಚಿತ್ರಗಳ ಬಲವಲ್ಲ. ಮಾಡಿದ ಕೈಯನ್ನು ತೋರಿಸಿಕೊಂಡೇ ಹೆದರಿಸುವುದು ಅವುಗಳ ಬಲ. ಈ ಕಲೆಯ ಅತ್ಯಂತ ಬೆಳೆದ ರೂಪವನ್ನು ನೋಡಲು ಹಾಲಿವುಡ್‌ಗೋ ಟೋಕಿಯೋಗೋ ಹೋಗಬೇಕಾಗಿಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಅಡಿಕೆ ಕೊಯ್ಲು ಮುಗಿದ ಮೇಲೆ ಮನೆಯಂಗಳದಲ್ಲೋ ಕೊಯ್ದ ಗದ್ದೆಯಲ್ಲೋ ನಡೆಯುವ ಹರಕೆ ಆಟದಲ್ಲಿ, ಯಕ್ಷಗಾನದ ರಕ್ಕಸ ಪಾತ್ರವಾದ ಬಣ್ಣದ ವೇಷದಲ್ಲಿ, ಅದು ಸಿಗುತ್ತದೆ.

ಘಟ್ಟದ ಮೇಲಿನ ಈ ಸೀಮೆ ಯಕ್ಷಗಾನದ ಬಡಗುತಿಟ್ಟು ಶೈಲಿಯ ಊರು. ಮಂದಾರ್ತಿಯಂಥ ಕರಾವಳಿಯ ಮೇಳಗಳು ಘಾಟಿ ಹತ್ತಿ ಬರುತ್ತವೆ. ಹರಕೆ ಹೊತ್ತ ಮನೆಯವರು ಆಟ ಆಡಿಸುತ್ತಾರೆ, ಊರೆಲ್ಲ ಬಂದು ಕೂರುತ್ತದೆ. ಅಲ್ಲಿ ವೇಷ ಕಟ್ಟುವ ಚೌಕಿಗೆ ಬಾಗಿಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಯಾರು ಬೇಕಾದರೂ ಹೋಗಿ ನಿಂತು, ರಾವಣನೋ ಘಟೋತ್ಕಚನೋ ಆಗಲಿರುವ ಮನುಷ್ಯ ಕನ್ನಡಿ ಹಿಡಿದು ಕೂತಿರುವುದನ್ನು ನೋಡಬಹುದು. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಚಿಟ್ಟಿಯನ್ನು ಅವನು ಒಂದೊಂದೇ ಚುಕ್ಕಿಯಾಗಿ ಕೆನ್ನೆ, ಹಣೆ, ಗಲ್ಲದ ಮೇಲೆ ಸಾಲಿಡುತ್ತಾನೆ. ಒಂದು ಸಾಲು ಒಣಗಿದ ಮೇಲೆ ಇನ್ನೊಂದು. ಇನ್ನೊಂದು ಶೈಲಿಯಾದ ತೆಂಕುತಿಟ್ಟಿನ ದೊಡ್ಡ ಬಣ್ಣಕ್ಕೆ ಗಂಟೆಗಟ್ಟಲೆ ಬೇಕು. ಮೈಗೆ ಬಟ್ಟೆ ಸುತ್ತಿ ಗಾತ್ರ ಹೆಚ್ಚಿಸುತ್ತಾರೆ. ಹಗುರ ಮರದಲ್ಲಿ ಕೆತ್ತಿ ಬೇಗಡೆ ಹೊದಿಸಿದ ಭುಜಕೀರ್ತಿ, ಎದೆಪದಕಗಳನ್ನು ಬಿಗಿಯುತ್ತಾರೆ. ಕಿರೀಟ ಏರುವುದು ಕಡೆಯಲ್ಲಿ. ಇಷ್ಟನ್ನೂ ಕಣ್ಣಾರೆ ಕಂಡ ಹುಡುಗನೇ ಒಂದು ಗಂಟೆಯ ಬಳಿಕ ಅದೇ ವೇಷ ಅಬ್ಬರಿಸುತ್ತ ಬಂದಾಗ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುತ್ತಾನೆ. ಗುಟ್ಟು ತಿಳಿದರೆ ಮಾಯೆ ಹರಿಯುತ್ತದೆ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಸಿದ್ಧತೆಯನ್ನು ನೋಡಿದವನಿಗೆ ಆ ರೂಪಕ್ಕೆ ತಗುಲಿದ ಶ್ರಮ, ಹೊತ್ತು, ತೂಕ ಗೊತ್ತಿರುತ್ತದೆ. ಅವನ ಭಯಕ್ಕೆ ಗೌರವವೂ ಸೇರಿಕೊಂಡಿರುತ್ತದೆ.

ಶಿಲ್ಪಿಗಳೂ ಇದನ್ನು ಬಲ್ಲವರಾಗಿದ್ದರು. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳು ಪ್ರಸಿದ್ಧ. ಅಲ್ಲಿನ ವ್ಯಾಳಗಳ ಬಾಯೊಳಗೆ ಉರುಳುವ ಕಲ್ಲಿನ ಗುಂಡುಗಳಿವೆ. ಬೆರಳಿಂದ ತಿರುಗಿಸಬಹುದು, ಹೊರಗೆ ತೆಗೆಯಲಾಗದು. ಕಂಬ, ಮೃಗ, ಗುಂಡು ಮೂರೂ ಒಂದೇ ಕಲ್ಲು. ಸಿಂಹವೂ ಅಲ್ಲದ, ಲೋಕದಲ್ಲೆಲ್ಲೂ ಇಲ್ಲದ ಆ ಪ್ರಾಣಿಯ ಮುಂದೆ ನಿಂತವರು ಅದರ ಕೋರೆಹಲ್ಲನ್ನು ನೋಡುತ್ತಲೇ ‘ಇದನ್ನು ಹೇಗೆ ಮಾಡಿದರಪ್ಪಾ’ ಎನ್ನುತ್ತಾರೆ. ಆ ಬೆರಗೂ ಭಯವೂ ಒಂದನ್ನೊಂದು ಕೆಡಿಸುವುದಿಲ್ಲ.

ಗಾತ್ರದ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಬಣ್ಣದ ವೇಷಧಾರಿ ಎಷ್ಟೇ ಕಟ್ಟಿಕೊಂಡರೂ ಮನುಷ್ಯನಿಗಿಂತ ತುಸು ದೊಡ್ಡವನಷ್ಟೆ. ಅವನನ್ನು ಬೆಟ್ಟವಾಗಿಸುವುದು ಹೊತ್ತು, ಬೆಳಕು ಮತ್ತು ಸದ್ದು. ಇಬ್ಬರು ಹಿಡಿದ ತೆರೆಯ ಹಿಂದಿನಿಂದ ಮೊದಲು ಕೇಳುವುದು ಅಟ್ಟಹಾಸ. ಆಮೇಲೆ ಕಿರೀಟದ ತುದಿ, ತೆರೆಯ ಅಂಚು ಹಿಡಿದ ಬೆರಳು, ಬೆನ್ನು. ಮುಖ ಕಾಣುವುದಕ್ಕೆ ಇನ್ನೂ ಹೊತ್ತಿದೆ. ಚಂಡೆ ಆ ವಿಳಂಬವನ್ನು ಏರಿಸುತ್ತ ಹೋಗುತ್ತದೆ. ತೆಂಕಿನಲ್ಲಂತೂ ತೆರೆಯ ಮರೆಯಲ್ಲೇ ರಕ್ಕಸನ ಸ್ನಾನ, ಶಿವಪೂಜೆಗಳ ಅಭಿನಯವೂ ಉಂಟು. ಹಲ್ಲು ಕಡಿಯುವ ದೈತ್ಯ ಭಕ್ತಿಯಿಂದ ಲಿಂಗಕ್ಕೆ ನೀರೆರೆಯುತ್ತಾನೆ ಎಂಬ ಕಲ್ಪನೆಯಷ್ಟು ಧೀರವಾದದ್ದು ಹಾಲಿವುಡ್‌ನ ಯಾವ ದೈತ್ಯಚಿತ್ರದಲ್ಲೂ ನನಗೆ ಕಂಡಿಲ್ಲ. ‘ದೇವಿ ಮಹಾತ್ಮೆ’ ಪ್ರಸಂಗದ ಮಹಿಷಾಸುರ ರಂಗದ ಹಿಂದಿನಿಂದ ಬರುವುದೇ ಇಲ್ಲ. ಕೋಡು ಹೊತ್ತು, ಸೂಟೆ ಎಂಬ ಪಂಜುಗಳ ನಡುವೆ, ಕೂತವರ ಬೆನ್ನ ಹಿಂದಿನಿಂದ ನುಗ್ಗುತ್ತಾನೆ. ಪಂಜಿಗೆ ರಾಳದ ಪುಡಿ ಎರಚಿದಾಗ ಭಗ್ಗೆಂದು ಎದ್ದ ಬೆಂಕಿಯಲ್ಲಿ ಮುಖ ಒಂದು ಕ್ಷಣ ಕಂಡು ಮರೆಯಾಗುತ್ತದೆ. ಚಿಟ್ಟಿಯ ಉಬ್ಬು ಸಾಲುಗಳು ಆ ಓಲಾಡುವ ಬೆಳಕಿಗೆಂದೇ ಹುಟ್ಟಿದವು. ಪ್ರತಿ ಚುಕ್ಕಿಗೂ ಒಂದು ನೆರಳು ಬಿದ್ದು, ನಟ ಸುಮ್ಮನೆ ನಿಂತಾಗಲೂ ಮುಖ ಮಿಸುಕುತ್ತದೆ.

1954ರ ‘ಗಾಡ್ಜಿಲ್ಲಾ’ವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಓಬ್ರಿಯನ್‌ನಂತೆ ಗೊಂಬೆ ಕುಣಿಸಲು ಅದರ ದೃಶ್ಯತಂತ್ರದ ಹೊಣೆ ಹೊತ್ತ ಎಯಿಜಿ ತ್ಸುಬುರಾಯಾನಿಗೆ ಕಾಲವೂ ಹಣವೂ ಇರಲಿಲ್ಲ. ಅವನು ವೇಷ ಕಟ್ಟಿಸಿದ. ಹರುವೊ ನಕಾಜಿಮಾ ಎಂಬ ನಟ ಸುಮಾರು ನೂರು ಕಿಲೋ ತೂಕದ ಆ ಉಡುಪಿನೊಳಗೆ ಬೆವರುತ್ತ, ಆಟಿಕೆಯಷ್ಟೆತ್ತರದ ಟೋಕಿಯೋವನ್ನು ತುಳಿದ. ಕ್ಯಾಮರಾವನ್ನು ವೇಗವಾಗಿ ಓಡಿಸಿ ಚಿತ್ರೀಕರಿಸಿದ್ದರಿಂದ ತೆರೆಯ ಮೇಲೆ ನಡೆ ನಿಧಾನವಾಯಿತು, ನಿಧಾನವಾದದ್ದರಿಂದ ಭಾರವಾಯಿತು. ನಮ್ಮ ರಕ್ಕಸನ ಹೆಜ್ಜೆಗೆ ತಾಳ ಮಾಡುವ ಕೆಲಸವೂ ಅದೇ. ಗಾಡ್ಜಿಲ್ಲಾದ ಕೂಗನ್ನು ಸಂಗೀತಗಾರ ಅಕಿರಾ ಇಫುಕುಬೆ ಹೊರಡಿಸಿದ್ದು ದೊಡ್ಡ ತಂತಿವಾದ್ಯವೊಂದರ ಸಡಿಲಿಸಿದ ತಂತಿಗಳ ಮೇಲೆ ರಾಳ ಹಚ್ಚಿದ ತೊಗಲಿನ ಕೈಗವಸನ್ನು ಎಳೆದು. ಜಪಾನಿನ ದೈತ್ಯನಿಗೆ ದನಿಯನ್ನೂ ನಮ್ಮ ದೈತ್ಯನಿಗೆ ಬೆಳಕನ್ನೂ ರಾಳವೇ ಕೊಟ್ಟಿತು. ಇದು ಆಕಸ್ಮಿಕವೇ ಸರಿ. ಕೈಗೆ ಸಿಕ್ಕಿದ್ದರಲ್ಲೇ ಭಯಂಕರವನ್ನು ಹುಟ್ಟಿಸುವ ಜಾಣ್ಮೆ ಮಾತ್ರ ಎರಡೂ ಕಡೆಯದು.

ಹೋಲಿಕೆಯೇ ತಪ್ಪು, ಹರಕೆ ಆಟ ಒಂದು ಸೇವೆ, ದೈತ್ಯಚಿತ್ರ ಟಿಕೆಟ್ ಕೊಂಡು ನೋಡುವ ಸರಕು ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ಮಹಿಷ ಸಾಯಲೇಬೇಕು, ದೇವಿ ಗೆಲ್ಲಲೇಬೇಕು. ಅದು ಮೊದಲೇ ಗೊತ್ತಿರುವುದೇ ಹರಕೆಯ ನೆಮ್ಮದಿ. ಆದರೆ ಭಕ್ತಿ ಇದೆಯೆಂದು ಕಸುಬು ತಾನಾಗಿ ಒದಗುವುದಿಲ್ಲ. ಅದೇ ಪ್ರಸಂಗ, ಅದೇ ಭಕ್ತರಿದ್ದೂ ಒಂದು ರಾತ್ರಿಯ ಮಹಿಷ ಮೈ ನಡುಗಿಸುತ್ತಾನೆ, ಇನ್ನೊಂದು ರಾತ್ರಿಯವನು ಆಕಳಿಕೆ ತರಿಸುತ್ತಾನೆ. ವೇಷಧಾರಿಗಳಾದ ಬಣ್ಣದ ಮಾಲಿಂಗ, ಚಂದ್ರಗಿರಿ ಅಂಬು ಅವರ ಹೆಸರನ್ನು ಜನ ಇವತ್ತಿಗೂ ಎತ್ತುವುದು ಆ ವ್ಯತ್ಯಾಸ ಬಲ್ಲವರಾದ್ದರಿಂದ. ಕಥೆಯ ತೀರ್ಪು ಕಾಂಗ್‌ನ ವಿಷಯದಲ್ಲೂ ಮೊದಲೇ ಆಗಿಹೋಗಿರುತ್ತದೆ. ಸಾಯಲಿರುವ ದೈತ್ಯನನ್ನು ಸಾಯುವವರೆಗೆ ಎಷ್ಟು ದೊಡ್ಡವನಾಗಿ ನಿಲ್ಲಿಸಬಹುದು ಎಂಬುದು ಕಸುಬಿನವರ ಮುಂದಿರುವ ಸವಾಲು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ರಾಜಕೀಯದ್ದು. ದೈತ್ಯ ಯಾರು? ಹಿಡಿಂಬ, ಬಕ, ತಾಟಕಿ ಎಲ್ಲರೂ ಕಾಡಿನವರು, ಊರಿನ ಹೊರಗಿನವರು, ಕರಿಮೈಯವರು. ಕಾಂಗ್ ಕೂಡ ದೂರದ ದ್ವೀಪದಿಂದ ಸರಪಳಿ ಬಿಗಿದು ತಂದ ಕಪ್ಪು ಜೀವ. ಆ ಚಿತ್ರದಲ್ಲಿ ಅಮೆರಿಕದ ಜನಾಂಗೀಯ ಭೀತಿಯನ್ನು ವಿಮರ್ಶಕರು ಓದಿದ್ದು ಸರಿಯಾಗಿಯೇ ಇದೆ. ಕಾಡಿನ ಅಂಚಿನಲ್ಲೇ ಬದುಕುವ ಮಲೆನಾಡಿಗರ ಮುಂದೆ ಕಾಡನ್ನೇ ರಕ್ಕಸನಾಗಿಸಿ ಕುಣಿಸುವುದರಲ್ಲಿ ಒಂದು ಕ್ರೌರ್ಯವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ವೇಷದ ಶಕ್ತಿ ಹಲವು ಸಲ ಪ್ರಸಂಗದ ತೀರ್ಪನ್ನು ಮೀರುತ್ತದೆ. ಕೇಡಿಗನಿಗೆ ಅತಿ ಹೆಚ್ಚಿನ ಹೊತ್ತು, ಅತಿ ಹೆಚ್ಚಿನ ಬಣ್ಣ, ಅತಿ ದೊಡ್ಡ ಪ್ರವೇಶವನ್ನು ಮೀಸಲಿಟ್ಟ ರಂಗಭೂಮಿ ಅವನನ್ನು ಬರೀ ಹಳಿಯುತ್ತಿದೆ ಎನ್ನುವುದು ಕಷ್ಟ. ವಿಮಾನಗಳ ಗುಂಡಿಗೆ ಕಾಂಗ್ ಉರುಳಿದಾಗ ಪ್ರೇಕ್ಷಕ ಸಂಕಟಪಡುವುದಿದ್ದರೆ ಅದಕ್ಕೆ ಓಬ್ರಿಯನ್‌ನ ಬೆರಳು ಕಾರಣವೇ ಹೊರತು ಕಥೆ ಬರೆದವರಲ್ಲ.

ನಮ್ಮ ಸಿನಿಮಾ ಈ ಪರಂಪರೆಯನ್ನು ಮುಂದುವರಿಸಲಿಲ್ಲವೇ ಎಂದರೆ, ಇಲ್ಲ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷನಾದ, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾದ ರಾಜ್‌ಕುಮಾರ್ ಮಹಾನಟರು. ಅವರು ಬಂದದ್ದು ಗುಬ್ಬಿ ಕಂಪನಿಯ ರಂಗದಿಂದ. ಅಲ್ಲಿ ರಕ್ಕಸತನವಿದ್ದದ್ದು ಕಂಠದಲ್ಲಿ, ಮೀಸೆಯಲ್ಲಿ, ಮಾತಿನ ಏರಿಳಿತದಲ್ಲಿ. ಕನ್ನಡ ಚಿತ್ರ ಆ ಮಾತುಗಾರ ದೈತ್ಯನನ್ನು ಎತ್ತಿಕೊಂಡಿತು, ಚೌಕಿಯಲ್ಲಿ ಕೂತು ಮುಖ ಕಟ್ಟಿಕೊಳ್ಳುವ ಪ್ರಾಣಿಯನ್ನು ಬಿಟ್ಟುಬಿಟ್ಟಿತು. ನಕಾಜಿಮಾನ ಉಡುಪಿಗಿಂತ ಎಷ್ಟೋ ಸೂಕ್ಷ್ಮವಾದ ವೇಷವಿದ್ದ ನಾಡಿನಲ್ಲಿ ಒಂದು ದೈತ್ಯಚಿತ್ರಶೈಲಿ ಹುಟ್ಟಲಿಲ್ಲ ಎಂಬುದು ಬೇಸರದ ಸಂಗತಿ.

ಗಣಕಯಂತ್ರದಲ್ಲಿ ಬಿಡಿಸಿದ ದೈತ್ಯನ ಹಿಂದೆಯೂ ಮನುಷ್ಯರ ಕೈಯಿದೆ, ಅವರ ಶ್ರಮ ಕೀಳೇ ಎಂದು ಕೇಳಬಹುದು. ಖಂಡಿತ ಅಲ್ಲ. ಆದರೆ ಆ ಶ್ರಮ ತನ್ನ ಗುರುತನ್ನು ಅಳಿಸಿಕೊಳ್ಳುವುದನ್ನೇ ಗೆಲುವು ಎಂದುಕೊಂಡಿದೆ. ಜೊತೆಗೆ ಅದಕ್ಕೆ ಮಿತಿಯಿಲ್ಲ. ಎಷ್ಟು ದೊಡ್ಡದನ್ನಾದರೂ, ಎಷ್ಟು ಹೊತ್ತಾದರೂ, ಹಾಡಹಗಲಲ್ಲೂ ತೋರಿಸಬಲ್ಲೆನೆಂದಾಗ ತಡೆದು ತೋರಿಸುವ ಅಗತ್ಯವೇ ಬೀಳುವುದಿಲ್ಲ. ಹಳಬರನ್ನು ಕಲಾವಿದರನ್ನಾಗಿಸಿದ್ದು ಅವರ ಬಡತನ ಎಂದರೆ ಅತಿಯಾದೀತು. ಕಳಪೆ ರಬ್ಬರಿನ ಹಲ್ಲಿಗಳನ್ನು ಕುಣಿಸಿದ ಹತ್ತಾರು ಚಿತ್ರಗಳೂ ಆ ಕಾಲದವೇ. ಮಿತಿಯನ್ನು ಲಯವಾಗಿ ಮಾರ್ಪಡಿಸಿದವರು ಮಾತ್ರ ಉಳಿದರು.

ಹೀಗಾಗಿ ಬಣ್ಣದ ವೇಷಕ್ಕೆ ಸಿನಿಮಾದ ಗ್ರಾಫಿಕ್ಸ್ ವೈರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಏಟು ಬಿದ್ದಿರುವುದು ರಂಗದ ಒಳಗಿನಿಂದ. ಪ್ರಖರ ವಿದ್ಯುದ್ದೀಪದಲ್ಲಿ ಚಿಟ್ಟಿಯ ನೆರಳು ಸತ್ತಿದೆ. ಮುಖ ಚಪ್ಪಟೆಯಾಗಿ, ಬಿಳಿ ಚುಕ್ಕಿ ಬರೀ ಬಿಳಿ ಚುಕ್ಕಿಯಾಗಿ ಕಾಣುತ್ತದೆ. ಬೆಳಕು ಹೆಚ್ಚಿದಷ್ಟೂ ಚಿಟ್ಟಿ ಇಡುವ ತಾಳ್ಮೆ ಕಡಿಮೆಯಾದದ್ದು ಸಹಜವೇ: ಕಾಣದ ಕೆಲಸವನ್ನು ಯಾರು ಮಾಡುತ್ತಾರೆ? ಬಡಗಿನಲ್ಲಂತೂ ಪುರುಷವೇಷದ ಕುಣಿತ, ಸ್ತ್ರೀವೇಷದ ನಯ, ಹಾಸ್ಯ ಇವುಗಳ ಎದುರು ಬಣ್ಣದ ವೇಷ ಸೊರಗಿ ಎಷ್ಟೋ ಕಾಲವಾಯಿತು. ಯಕ್ಷಗಾನವನ್ನು ಹೊಸ ಕಣ್ಣಿಂದ ಕಂಡ ಶಿವರಾಮ ಕಾರಂತರ ಪ್ರಯೋಗಗಳು ಮಾತನ್ನು ಕಳಚಿ ನೃತ್ಯವನ್ನು ಎತ್ತಿಹಿಡಿದವು. ಅವು ಬೆಲೆಯುಳ್ಳವೇ. ಆದರೆ ಹೊತ್ತನ್ನು ಮೊಟಕುಗೊಳಿಸುವ ಯಾವ ಸುಧಾರಣೆಯಾದರೂ ದೈತ್ಯನ ಆಹಾರವನ್ನೇ ಕಸಿಯುತ್ತದೆ. ಈಗ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಡಿವಾಣವಿದೆ, ಕಾಲಮಿತಿಯ ಆಟಗಳು ಬಂದಿವೆ. ಬೆಳಗಿನ ತನಕ ಕೂರಲು ಜನವೂ ಇಲ್ಲ ಎಂಬುದು ನಿಜ, ಅವರನ್ನು ದೂರಿ ಫಲವಿಲ್ಲ. ಪ್ರಸಂಗ ಕತ್ತರಿಸುವಾಗ ಎಲ್ಲಿಗೆ ಕತ್ತರಿ ಬೀಳುತ್ತದೆ ಎಂಬುದಷ್ಟೇ ನನ್ನ ತಕರಾರು. ಅರ್ಥಧಾರಿಗಳ ಚರ್ಚೆಯನ್ನು ಕಾಲು ಗಂಟೆ ಇಳಿಸಬಹುದು, ಹಾಸ್ಯದ ಪುನರುಕ್ತಿಯನ್ನು ಬಿಡಬಹುದು. ಮೊದಲು ಹಾರಿಹೋಗುವುದು ಮಾತ್ರ ರಕ್ಕಸನ ತೆರೆಯ ಒಡ್ಡೋಲಗ, ಆ ನಿಧಾನದ ಪ್ರವೇಶ. ಆಟ ಆಡಿಸುವ ಮನೆಯವರು ಮೇಳದ ಹತ್ತಿರ ಇಂಥ ಪ್ರಸಂಗವೇ ಬೇಕು, ಇಂಥ ಭಾಗವತರೇ ಬೇಕು ಎಂದು ಕೇಳುವುದುಂಟು. ಮಹಿಷ ಬರುವ ಹತ್ತು ನಿಮಿಷ ಅಂಗಳದ ದೀಪಗಳನ್ನೆಲ್ಲ ಆರಿಸಿ, ಸೂಟೆ ಮತ್ತು ರಾಳದ ಬೆಳಕಿನಲ್ಲೇ ಅವನನ್ನು ಬರಮಾಡಿಕೊಳ್ಳುತ್ತೇವೆಂದು ಕೇಳಿದರೆ ಮೇಳ ಇಲ್ಲವೆನ್ನಲಾರದು, ಅದಕ್ಕೆ ಖರ್ಚೂ ಹೆಚ್ಚು ಬೀಳುವುದಿಲ್ಲ.