ಈ ಕಲ್ಲಿನ ನೇಟಿವ್ ಯಾವುದು?

ಹೊಸ ಆಫೀಸಿಗೆ ಸೇರಿದ ಮೊದಲ ದಿನ ಕಾಫಿ ಮೆಷಿನ್ ಹತ್ತಿರ ಒಬ್ಬ ಕನ್ನಡದವರು ಸಿಕ್ಕರು ಅಂದುಕೊಳ್ಳಿ. ಹೆಸರು ಕೇಳಿದ ಮರುಕ್ಷಣವೇ ಬರೋ ಪ್ರಶ್ನೆ, "ನಿಮ್ಮ ನೇಟಿವ್ ಯಾವುದು?" ಬೆಂಗಳೂರೇ ಅಂದರೆ ಬಿಡೋದಿಲ್ಲ. "ಅಲ್ಲ, ಮೂಲತಃ ಎಲ್ಲಿಯವ್ರು?" ಹಾಸನದ ಹತ್ತಿರ ಅಂದರೂ ಸಮಾಧಾನ ಇಲ್ಲ. "ಹತ್ರ ಅಂದ್ರೆ ಎಲ್ಲಿ?" ಅಂತ ತಾಲ್ಲೂಕು, ಹೋಬಳಿ ದಾಟಿ ಊರಿನ ತನಕ ಹೋಗಿ ನಿಲ್ಲುತ್ತಾರೆ. ಮನುಷ್ಯರ ವಿಷಯದಲ್ಲಿ ಇಷ್ಟು ಬಿಗಿಯಾಗಿರೋ ನಾವು, ದುಡ್ಡು ಕೊಟ್ಟು ಮನೆಗೆ ತರೋ ಕಲ್ಲಿಗೆ ಮಾತ್ರ ಈ ಪ್ರಶ್ನೆ ಕೇಳೋದೇ ಇಲ್ಲ.

ಸಿನಿಮಾ ವಿಮರ್ಶೆ, ಪುಸ್ತಕ ವಿಮರ್ಶೆ, ಹೋಟೆಲ್ ವಿಮರ್ಶೆ ಎಲ್ಲಾ ಆಗಿದೆ. ಇವತ್ತು ಚೀಟಿ ವಿಮರ್ಶೆ. ಖನಿಜದ ಹರಳುಗಳ ಪಕ್ಕದಲ್ಲಿ ಇಡುತ್ತಾರಲ್ಲ, ಎರಡು ಇಂಚಿನ ಚೀಟಿ, ಅದರದ್ದು. ಮೂರು ಚೀಟಿಗಳನ್ನು ನೋಡೋಣ. ಒಂದು ಏನನ್ನೂ ಹೇಳಲ್ಲ, ಇನ್ನೊಂದು ಅರ್ಧ ಹೇಳುತ್ತೆ, ಮೂರನೆಯದು ಎಲ್ಲವನ್ನೂ ಹೇಳುತ್ತೆ. ಅತಿ ಹೆಚ್ಚು ಹಾನಿ ಮಾಡಿದ್ದು ಮೂರನೆಯದು.

ಮೊದಲನೆಯದು ಬೆಂಗಳೂರಿನ ಒಂದು ಕ್ರಿಸ್ಟಲ್ ಅಂಗಡಿಯದ್ದು. ಗಾಜಿನ ಶೆಲ್ಫಿನಲ್ಲಿ ನೇರಳೆ ಬಣ್ಣದ ಅಮೆಥಿಸ್ಟ್, ಪಕ್ಕದಲ್ಲಿ ಚೆಂದದ ಕಾರ್ಡ್. ಒಳ್ಳೆ ನಿದ್ದೆ ಬರುತ್ತೆ, ಸ್ಟ್ರೆಸ್ ಹೋಗುತ್ತೆ, ನಿರ್ಧಾರ ತಗೊಳ್ಳೋ ಶಕ್ತಿ ಹೆಚ್ಚುತ್ತೆ. ಕೊನೆಯಲ್ಲಿ ಒಂದು ಸಾಲು, "ಮೂಲ: ನೈಸರ್ಗಿಕ". ಇದು ನೇಟಿವ್ ಯಾವುದು ಅಂತ ಕೇಳಿದ್ದಕ್ಕೆ "ಭೂಮಿ" ಅಂದ ಹಾಗೆ. ನಿದ್ದೆಯ ವಿಷಯ ಬಿಡಿ, ನನ್ನ ತಕರಾರು ಅದಲ್ಲ. ಇಂಥ ದೊಡ್ಡ ಅಮೆಥಿಸ್ಟ್ ಗೂಡುಗಳು ಬಹಳಷ್ಟು ಬರೋದು ಬ್ರೆಜಿಲಿನ ರಿಯೊ ಗ್ರಾಂಡೆ ದೊ ಸುಲ್ ರಾಜ್ಯದಿಂದ, ಅಥವಾ ಗಡಿಯಾಚೆ ಉರುಗ್ವೆಯ ಆರ್ಟಿಗಾಸ್‌ನಿಂದ. ಹದಿಮೂರು ಕೋಟಿ ವರ್ಷದ ಹಿಂದೆ ಅಲ್ಲಿ ಹರಿದ ಲಾವಾ ತಣ್ಣಗಾಗುವಾಗ ಅದರೊಳಗೆ ಗಾಳಿಗುಳ್ಳೆಗಳು ಉಳಿದವು. ಆಮೇಲೆ ಆ ಪೊಳ್ಳಿನೊಳಗೆ ನೀರು ಇಳಿದು, ಸಿಲಿಕಾ ಪದರ ಪದರವಾಗಿ ಕೂತು ಹರಳಾಯಿತು. ಇಷ್ಟು ದೊಡ್ಡ ಕಥೆಗೆ ಬೀಗದ ಕೈ ಅಂದರೆ ಆ ಊರಿನ ಹೆಸರು. ಕಾರ್ಡಿನವರು ಅದನ್ನೇ ಬಿಟ್ಟುಬಿಟ್ಟಿದ್ದಾರೆ.

ಎರಡನೆಯ ಚೀಟಿ ನಮ್ಮ ಮನೆಯದ್ದು. ದಾವಣಗೆರೆಯಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ಚಿಕ್ಕಪ್ಪ ಹೋದ ವರ್ಷ ತೀರಿಕೊಂಡರು. ಬಿಸ್ಕತ್ ಡಬ್ಬಿಯಲ್ಲಿ, ಹತ್ತಿಯಲ್ಲಿ ಸುತ್ತಿಟ್ಟ ಇಪ್ಪತ್ತಮೂರು ಕಲ್ಲು ಬಿಟ್ಟು ಹೋಗಿದ್ದಾರೆ. ಅವರ ಕಾಲೇಜಿಗೇ ಕೊಡೋಣ ಅಂತ ಚಿಕ್ಕಮ್ಮನ ಆಸೆ. "ನೋಡಪ್ಪ, ಹಳೇ ಚೀಟಿ ಎಲ್ಲಾ ಹಳದಿಯಾಗಿದಾವೆ. ಅವನ್ನ ಎಸೆದುಬಿಟ್ಟು ನೀಟಾಗಿ ಟೈಪ್ ಮಾಡ್ಕೊಡು. ಊರಿನ ಹೆಸರು ಎಲ್ಲಾ ಸರಿಯಾಗಿ ಹಾಕು" ಅಂದರು. ಒಂದು ಶನಿವಾರದ ಕೆಲಸ ಅಂದುಕೊಂಡು ನಾನೂ ಒಪ್ಪಿಕೊಂಡೆ.

ಡಬ್ಬಿಯಲ್ಲಿದ್ದ ಅತಿ ಚೆಂದದ ಎರಡು ಕಲ್ಲುಗಳೇ ನನ್ನನ್ನ ಸಿಕ್ಕಿಹಾಕಿಸಿದ್ದು. ಒಂದು ತಿಳಿಹಸಿರು ಅಪೋಫಿಲೈಟ್, ಜೊತೆಗೆ "ಅಪೋಫಿಲೈಟ್, ಪೂನಾ" ಅಂತ ಚಿಕ್ಕಪ್ಪನ ಕೈಬರಹ. ಇನ್ನೊಂದು ಕಡು ನೀಲಿ, ಬಿಳಿ ಹರಳುಗಳ ಮೇಲೆ ಪುಟ್ಟ ಪುಟ್ಟ ಉಂಡೆಗಳಾಗಿ ಕೂತಿರೋದು. ಅದಕ್ಕೆ ಚೀಟಿಯೇ ಇಲ್ಲ. ಚೀಟಿ ಇರೋ ಕಲ್ಲಿನ ಊರು ಗೊತ್ತು, ಇಲ್ಲದ್ದರದ್ದು ಗೊತ್ತಿಲ್ಲ ಅಂದುಕೊಂಡೆ. ಜಿಯಾಲಜಿ ಓದಿದ ಗೆಳತಿಗೆ ತೋರಿಸಿದಾಗ ಅವಳು ಹೇಳಿದ್ದು ಪೂರಾ ಉಲ್ಟಾ.

ನೀಲಿಯದ್ದು ಕ್ಯಾವನ್ಸೈಟ್. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕಾನ್ ಮೂರರ ಹೆಸರಿನ ತುಂಡು ಜೋಡಿಸಿ ಮಾಡಿದ ಹೆಸರು. 1967ರಲ್ಲಿ ಅಮೆರಿಕದ ಆರೆಗನ್‌ನಲ್ಲಿ ಮೊದಲು ಸಿಕ್ಕಿತು, 1973ರಲ್ಲಿ ಹೆಸರಾಯಿತು. ಆದರೆ ಸ್ಟಿಲ್ಬೈಟ್ ಅನ್ನೋ ಬಿಳಿ ಹರಳಿನ ಮೇಲೆ ಇಷ್ಟು ದಪ್ಪ ನೀಲಿ ಉಂಡೆಯಾಗಿ ಕೂತು ಮಾರುಕಟ್ಟೆಗೆ ಬಂದದ್ದು ಹೆಚ್ಚುಕಡಿಮೆ ಎಲ್ಲವೂ ಪುಣೆ ಪಕ್ಕದ ವಾಘೋಲಿಯ ಕಲ್ಲು ಕ್ವಾರಿಗಳಿಂದ. ಹೌದು, ಅದೇ ವಾಘೋಲಿ. ಪುಣೆಯಲ್ಲಿ ಕೆಲಸ ಸಿಕ್ಕ ನಿಮ್ಮ ಫ್ರೆಂಡು ಖರಾಡಿಯಲ್ಲಿ ಬಾಡಿಗೆ ಜಾಸ್ತಿ ಅಂತ ಫ್ಲ್ಯಾಟ್ ಹಿಡಿಯೋ ಜಾಗ. ಕಟ್ಟಡಕ್ಕೆ ಜಲ್ಲಿ ಒಡೆಯುವಾಗ ಸಿಕ್ಕ ನೀಲಿ ಅದು. ಅಂದರೆ ಚೀಟಿ ಇಲ್ಲದ ಈ ಕಲ್ಲೇ ತನ್ನ ಊರು ಹೇಳಿಬಿಟ್ಟಿತು.

ಹಸಿರು ಕಲ್ಲಿನ ಕಥೆ ಬೇರೆ. ಅದು ಕೂತಿರೋ ತಳದ ಕಲ್ಲು ಬೂದುಗಪ್ಪಿನ ಬಸಾಲ್ಟ್. ಡೆಕ್ಕನ್ ಲಾವಾ ಅನ್ನೋದಕ್ಕೆ ಅನುಮಾನ ಇಲ್ಲ. ಆದರೆ ಆ ಲಾವಾ ಹರಡಿರೋದು ಸುಮಾರು ಐದು ಲಕ್ಷ ಚದರ ಕಿಲೋಮೀಟರ್. ಆರೂವರೆ ಕೋಟಿ ವರ್ಷಕ್ಕೂ ಹಿಂದೆ ಪದರ ಪದರವಾಗಿ ಹರಿದು, ನಮ್ಮ ಬೆಳಗಾವಿ, ವಿಜಯಪುರ, ಬೀದರ್ ತನಕ ಬಂದಿದೆ. ಗೋಳಗುಮ್ಮಟ ಕಟ್ಟಿರೋದೂ ಅದೇ ಕಪ್ಪು ಕಲ್ಲಿನಲ್ಲಿ. ಅಪೋಫಿಲೈಟ್ ಪುಣೆ ಸುತ್ತ ಸಿಗುತ್ತೆ, ನಾಸಿಕ್ ಕಡೆ ಸಿಗುತ್ತೆ, ಜಳಗಾಂವ್ ಕಡೆ ಸಿಗುತ್ತೆ. ರೈಲು ದಾರಿಗಾಗಿ ಭೋರ್ ಘಾಟ್ ಕಡಿದಾಗಲೂ ಸಿಕ್ಕಿತ್ತು. ಇವೆಲ್ಲಾ ವ್ಯಾಪಾರಿಗಳ ಕೈಗೆ ಬಂದು, ಬೇರೆ ದೇಶದ ಸಂಗ್ರಹಗಳಿಗೆ ಹೋಗುವಾಗ ಎಷ್ಟೋ ಕಲ್ಲುಗಳ ಚೀಟಿಯಲ್ಲಿ ಉಳಿದದ್ದು ಒಂದೇ ಪದ, ಪೂನಾ. ಅಗೆದ ಜಾಗದ ಬದಲು ಮಾರಿದ ಜಾಗ. ಮೈಸೂರಿಗೆ ಹೋಗೋ ಬಸ್ಸಿನಲ್ಲಿ ಇಳಿದವರೆಲ್ಲಾ ಮೈಸೂರಿನವರೇ ಅಂದ ಹಾಗಾಯಿತು.

ಇದು ಬರೀ ಸೋಮಾರಿತನವೂ ಅಲ್ಲ. ಒಳ್ಳೆ ಮಾಲು ಸಿಗೋ ಜಾಗ ಗೊತ್ತಾದರೆ ನಾಳೆ ಬೆಳಗ್ಗೆ ಇನ್ನೊಬ್ಬ ವ್ಯಾಪಾರಿ ಅಲ್ಲಿ ನಿಂತಿರುತ್ತಾನೆ. ಹಾಗಾಗಿ ಬೇಕಂತಲೇ ಜಾಗ ಮರೆಸೋದು, ಪಕ್ಕದ ಊರಿನ ಹೆಸರು ಹೇಳೋದು ಈ ಧಂದೆಯಲ್ಲಿ ಹಳೆಯ ರೂಢಿ. ಇನ್ನೊಂದು ಕಡೆ, ಊರಿನ ಹೆಸರಿಗೇ ದುಡ್ಡು ಬರೋದೂ ಉಂಟು. 1880ರ ದಶಕದ ಆರಂಭದಲ್ಲಿ ಕಾಶ್ಮೀರದ ಪಾಡರ್ ಕಣಿವೆಯಲ್ಲಿ ನೀಲಮಣಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಒಳ್ಳೆಯದೆಲ್ಲಾ ಖಾಲಿ. ಇವತ್ತಿಗೂ ಒಂದೇ ಗಾತ್ರ, ಒಂದೇ ಬಣ್ಣದ ಎರಡು ನೀಲಗಳಲ್ಲಿ ಕಾಶ್ಮೀರದ್ದು ಅನ್ನೋದಕ್ಕೆ ಎಷ್ಟೋ ಪಟ್ಟು ಬೆಲೆ. ಅದಕ್ಕೇ ಸ್ವಿಟ್ಜರ್ಲೆಂಡಿನ ಗುಬೆಲಿನ್‌ನಂಥ ಲ್ಯಾಬುಗಳು ಹರಳಿನೊಳಗಿನ ಸೂಕ್ಷ್ಮ ಕಣಗಳನ್ನು, ಅತಿ ಕಡಿಮೆ ಪ್ರಮಾಣದಲ್ಲಿರೋ ಧಾತುಗಳನ್ನು ಅಳೆದು ಊರು ಹೇಳುತ್ತವೆ. ಇಷ್ಟೆಲ್ಲಾ ಯಂತ್ರ ಇದ್ದರೂ ಈ ಕ್ಷೇತ್ರದಲ್ಲಿ ಊರಿನ ತೀರ್ಮಾನಕ್ಕೆ ಹೇಳೋದು "ಅಭಿಪ್ರಾಯ" ಅಂತಲೇ. ಈ ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಮೂರನೆಯ ಚೀಟಿ. ಆರ್ಥರ್ ಕಿಂಗ್ಸ್‌ಬರಿ ಅನ್ನೋ ಬ್ರಿಟಿಷ್ ಸಂಗ್ರಾಹಕ 1968ರಲ್ಲಿ ತೀರಿಕೊಂಡರು. ಅವರ ಸಂಗ್ರಹ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿತು. ಬ್ರಿಟನ್ನಿನಲ್ಲಿ ಸಿಗಲ್ಲ ಅಂದುಕೊಂಡಿದ್ದ ಅಪರೂಪದ ಖನಿಜಗಳು ಅವರಿಗೆ ಒಂದರ ಮೇಲೊಂದು ಸಿಕ್ಕಿದ್ದವು. ಚೀಟಿಗಳಲ್ಲಿ ಗಣಿಯ ಹೆಸರಿದೆ, ಪ್ರಾಂತ್ಯದ ಹೆಸರಿದೆ, ಹಿಂದೆ ಕಿಂಗ್ಸ್‌ಬರಿ ಅನ್ನೋ ದೊಡ್ಡ ಹೆಸರೂ ಇದೆ. ನನ್ನಂಥವನು ಫುಲ್ ಮಾರ್ಕ್ಸ್ ಕೊಟ್ಟುಬಿಡೋ ಚೀಟಿಗಳು. ಆದರೆ ಅವರು ಹೇಳಿದ ಜಾಗಕ್ಕೆ ಹೋಗಿ ಹುಡುಕಿದವರಿಗೆ ಅದು ಸಿಗುತ್ತಿರಲಿಲ್ಲ. 1998ರಲ್ಲಿ ಜಾರ್ಜ್ ರೈಬ್ಯಾಕ್, ಆಂಡ್ರ್ಯೂ ಕ್ಲಾರ್ಕ್, ಕ್ರಿಸ್ ಸ್ಟಾನ್ಲಿ ಮೂವರು ಸಂಗ್ರಹವನ್ನು ಮತ್ತೆ ಪರೀಕ್ಷಿಸಿದ್ದನ್ನು ಪ್ರಕಟಿಸಿದರು. ಎಷ್ಟೋ ಕಲ್ಲುಗಳು ಚೀಟಿ ಹೇಳೋ ಜಾಗದಿಂದ ಬಂದಿರಲು ಸಾಧ್ಯವೇ ಇರಲಿಲ್ಲ.

ಇದರ ಪರಿಣಾಮ ನೋಡಿ. ಕಿಂಗ್ಸ್‌ಬರಿ ನಿಜವಾಗಿ ಹುಡುಕಿದ ಕಲ್ಲುಗಳೂ ಅದರಲ್ಲಿ ಇವೆ. ಆದರೆ ಬೇರೆಯವರು ಖಚಿತಪಡಿಸೋ ತನಕ ಅವನ್ನೂ ನಂಬೋ ಹಾಗಿಲ್ಲ. ಸುಳ್ಳು ಚೀಟಿ ಪಕ್ಕದ ನಿಜದ ಚೀಟಿಯನ್ನೂ ಕೆಡಿಸಿತು.

ನಮ್ಮಲ್ಲೂ ಇಂಥದ್ದು ಆಗಿದೆ, ಖನಿಜದ ಬದಲು ಪಳೆಯುಳಿಕೆಯಲ್ಲಿ. ಪಂಜಾಬ್ ವಿಶ್ವವಿದ್ಯಾಲಯದ ವಿ.ಜೆ. ಗುಪ್ತಾ ಹಿಮಾಲಯದಲ್ಲಿ ಸಿಕ್ಕಿದ್ದು ಅಂತ ವರ್ಷಗಟ್ಟಲೆ ಪ್ರಬಂಧ ಬರೆದರು. 1989ರಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 'ನೇಚರ್' ಪತ್ರಿಕೆಯಲ್ಲಿ ಅದರ ಜಾತಕ ಬಿಚ್ಚಿಟ್ಟರು. ಕೆಲವು ಮೊರಾಕ್ಕೋದಿಂದ ಬಂದು ಅಂಗಡಿಗಳಲ್ಲಿ ಮಾರಾಟವಾಗೋ ಪಳೆಯುಳಿಕೆಯಂತೆಯೇ ಇದ್ದವು, ಕೆಲವು ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳದಲ್ಲಿ ಸಿಗೋ ಸೂಕ್ಷ್ಮ ಪಳೆಯುಳಿಕೆಯಂತೆ. ಯಾವ ಪದರ ಎಷ್ಟು ಹಳೆಯದು ಅನ್ನೋ ಲೆಕ್ಕ ಪಳೆಯುಳಿಕೆ ಸಿಕ್ಕ ಜಾಗದ ಮೇಲೆ ನಿಂತಿರುತ್ತೆ. ಆ ಪ್ರಬಂಧಗಳನ್ನು ನಂಬಿ ಮುಂದಿನ ಕೆಲಸ ಮಾಡಿದವರ ಪಾಡು ಯೋಚಿಸಿ. ಡೇಟಾ ಕೆಲಸ ಮಾಡೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಖಾಲಿ ಕಾಲಂ ಇದ್ದರೆ ಎದ್ದು ಕಾಣುತ್ತೆ. ಯಾರೋ ಅಂದಾಜಿಗೆ ತುಂಬಿಸಿದ ಕಾಲಂ ಕಾಣೋದೇ ಇಲ್ಲ.

ಅಂದಾಜಿಗೆ ತುಂಬಿಸೋದು. ನಾನು ಆ ಶನಿವಾರ ಮಾಡಲು ಹೊರಟಿದ್ದೂ ಅದನ್ನೇ. ನೀಲಿ ಕಲ್ಲು ವಾಘೋಲಿ ಅಂತಾದ ಮೇಲೆ, ಎರಡೂ ಒಂದೇ ಡಬ್ಬಿ, ಚೀಟಿಯಲ್ಲಿ ಪೂನಾ ಅಂತಲೂ ಇದೆ, ಹಸಿರಿಗೂ ವಾಘೋಲಿ ಅಂತ ಹಾಕಿದರೆ ಏನಾಯ್ತು ಅನ್ನಿಸಿತ್ತು. ಟೈಪ್ ಕೂಡ ಮಾಡಿದ್ದೆ. ನೋಡೋಕೆ ತುಂಬಾ ಚೆನ್ನಾಗಿತ್ತು. ಮೋಸ ಮಾಡಬೇಕು ಅನ್ನೋ ಉದ್ದೇಶ ಎಳ್ಳಷ್ಟೂ ಇರಲಿಲ್ಲ, ಚಿಕ್ಕಪ್ಪನ ಡಬ್ಬಿ ಕಾಲೇಜಿನಲ್ಲಿ ಮರ್ಯಾದೆಯಾಗಿ ಕಾಣಲಿ ಅಂತಷ್ಟೇ. ಹತ್ತು ವರ್ಷದ ನಂತರ ಅದನ್ನ ಓದೋ ವಿದ್ಯಾರ್ಥಿಗೆ ಮಾತ್ರ ನನ್ನ ಅಂದಾಜಿಗೂ ಚಿಕ್ಕಪ್ಪನ ಮಾತಿಗೂ ವ್ಯತ್ಯಾಸ ಗೊತ್ತಾಗೋ ದಾರಿಯೇ ಇರುತ್ತಿರಲಿಲ್ಲ.

ತಡೆದದ್ದು ಗೆಳತಿಯ ಒಂದು ಪ್ರಶ್ನೆ. "ಹಳೇ ಚೀಟಿಯ ಹಿಂಭಾಗ ನೋಡಿದ್ಯಾ?"

ನೋಡಿರಲಿಲ್ಲ. ತಿರುಗಿಸಿದರೆ ಪುಣೆಯ ಒಂದು ಲಾಡ್ಜಿನ ರಸೀದಿ. ಒಂದು ರಾತ್ರಿಯ ರೂಮು, 1978ರ ಮಾರ್ಚ್. ಚಿಕ್ಕಪ್ಪ ರಸೀದಿ ಕತ್ತರಿಸಿ ಚೀಟಿ ಮಾಡಿದ್ದರು. ಮೇಷ್ಟ್ರ ಸಂಬಳ, ಕಾಗದವೂ ದಂಡವಾಗಬಾರದು. ಅಂದರೆ ಅವರು ಆ ವರ್ಷ ಪುಣೆಗೆ ಹೋಗಿದ್ದರು, ಕಲ್ಲು ಆಗಲೇ ಕೈಗೆ ಬಂದಿರೋ ಸಾಧ್ಯತೆ ಹೆಚ್ಚು. ಕ್ವಾರಿಯಲ್ಲಿ ಹೆಕ್ಕಿದ್ರೋ, ಅಂಗಡಿಯಲ್ಲಿ ಕೊಂಡ್ರೋ, ಅದನ್ನ ರಸೀದಿ ಹೇಳಲ್ಲ. ಆದರೆ ಇಷ್ಟಾದರೂ ಹೇಳಿದ್ದು ನಾವು ಎಸೆಯಬೇಕು ಅಂತಿದ್ದ ಹಳದಿ ಕಾಗದವೇ. ಮ್ಯೂಸಿಯಂಗಳಲ್ಲಿ ಹಳೆಯ ಚೀಟಿ, ಕಲ್ಲಿನ ಮೇಲೆ ಅಂಟಿಸಿದ ನಂಬರು, ಕೈಬರಹ, ಶಾಯಿ, ವ್ಯಾಪಾರಿಯ ವಿಳಾಸ ಯಾವುದನ್ನೂ ಬಿಸಾಡಬಾರದು ಅನ್ನೋದು ಇದಕ್ಕೇ. ಕಲ್ಲು ಒಂದು ಸಾಕ್ಷಿ, ಕಾಗದ ಇನ್ನೊಂದು. ಎರಡೂ ಒಂದೇ ಮಾತು ಹೇಳಿದರೆ ನಂಬಬಹುದು. ಜಗಳ ಆಡಿದರೆ ಆ ಜಗಳವನ್ನೂ ಬರೆದಿಡಬೇಕು.

ಹಾಗಾದರೆ ಒಳ್ಳೆ ಚೀಟಿ ಯಾವುದು? ವಿಮರ್ಶಕನಾಗಿ ನನ್ನ ತೀರ್ಪು ಇಷ್ಟು. ಕಣ್ಣಾರೆ ಕಂಡದ್ದು, ಯಾರೋ ಹೇಳಿದ್ದು, ಕಲ್ಲು ನೋಡಿ ಊಹಿಸಿದ್ದು, ಈ ಮೂರನ್ನೂ ಬೇರೆ ಬೇರೆಯಾಗಿ ಬರೆಯೋ ಚೀಟಿ. ಕೋಟಿ ಬೆಲೆಯ ನೀಲಮಣಿಗೇ "ಅಭಿಪ್ರಾಯ" ಅಂತ ಹೇಳೋರು ಇರುವಾಗ, ಬಿಸ್ಕತ್ ಡಬ್ಬಿಯ ಕಲ್ಲಿಗೆ "ತಿಳಿದಿಲ್ಲ" ಅಂತ ಬರೆಯೋಕೆ ನಾಚಿಕೆ ಯಾಕೆ? ಈ ಲೆಕ್ಕದಲ್ಲಿ ಚಿಕ್ಕಪ್ಪನ ಒಂದೇ ಪದದ "ಪೂನಾ" ಕೂಡ ಪಾಸು. ಗೊತ್ತಿದ್ದಷ್ಟನ್ನೇ ಬರೆದಿದ್ದರು, ಗೊತ್ತಿಲ್ಲದ್ದನ್ನ ಸೇರಿಸಿರಲಿಲ್ಲ.

ಇನ್ನೂ ಒಂದು ಕಾರಣಕ್ಕೆ ಇದು ತುರ್ತಿನ ವಿಷಯ. ಕ್ವಾರಿಗಳು ಶಾಶ್ವತ ಅಲ್ಲ. ಕಲ್ಲು ಮುಗಿಯುತ್ತೆ, ಗುಂಡಿಗೆ ನೀರು ತುಂಬುತ್ತೆ, ನಗರ ಹತ್ತಿರ ಬಂದರೆ ಮೇಲೆ ಫ್ಲ್ಯಾಟ್ ಏಳುತ್ತೆ. ಆಮೇಲೆ ಅಲ್ಲಿಗೆ ಹೋಗಿ ಪರೀಕ್ಷೆ ಮಾಡೋಣ ಅಂದರೆ ಜಾಗವೇ ಇರಲ್ಲ, ಚೀಟಿ ಮಾತ್ರ ಇರುತ್ತೆ.

ಹಾಗಾಗಿ ಅಂತಿಮವಾಗಿ ಟೈಪ್ ಮಾಡಿದ್ದು ಹೀಗೆ. "ಅಪೋಫಿಲೈಟ್, ಡೆಕ್ಕನ್ ಬಸಾಲ್ಟಿನ ಮೇಲೆ. ಹಳೆ ಚೀಟಿಯ ಪ್ರಕಾರ ಪೂನಾ. ಕ್ವಾರಿ ತಿಳಿದಿಲ್ಲ. ಬಹುಶಃ 1978ರಲ್ಲಿ ಪುಣೆಯಲ್ಲಿ ದೊರೆತದ್ದು. ಹಳೆ ಚೀಟಿ ಜೊತೆಗಿದೆ, ಹಿಂಭಾಗ ನೋಡಿ." ನೀಲಿಯದಕ್ಕೆ, "ಕ್ಯಾವನ್ಸೈಟ್, ಸ್ಟಿಲ್ಬೈಟ್ ಮೇಲೆ. ಚೀಟಿ ಇರಲಿಲ್ಲ. ಕಲ್ಲಿನ ಲಕ್ಷಣ ನೋಡಿ ವಾಘೋಲಿ ಎಂದು ಊಹೆ."

ಚಿಕ್ಕಮ್ಮ ಓದಿ ಮುಖ ಸಣ್ಣ ಮಾಡಿದರು. "ತಿಳಿದಿಲ್ಲ, ಊಹೆ ಅಂತೆಲ್ಲಾ ಬರೆದಿದೀಯಲ್ಲೋ, ಕಾಲೇಜಿನೋರು ಏನಂದ್ಕೋತಾರೆ?"

"ಚಿಕ್ಕಮ್ಮ, ಹಿಂದುಗಡೆ ನೋಡಿ" ಅಂತ ರಸೀದಿ ತಿರುಗಿಸಿ ಕೊಟ್ಟೆ. ಕನ್ನಡಕ ಹಾಕಿಕೊಂಡು ತಾರೀಖು ಓದಿದರು. "ನಮ್ಮ ಮದುವೆಗೆ ಎರಡು ತಿಂಗಳು ಮುಂಚೆ" ಅಂದರು. ಸ್ವಲ್ಪ ಹೊತ್ತು ಚೀಟಿಯನ್ನ ಕೈಯಲ್ಲೇ ಹಿಡಿದಿದ್ದರು. ಆಮೇಲೆ ಅದನ್ನ ಅವರೇ ಹತ್ತಿಯ ಪಕ್ಕ ಮಡಚಿಟ್ಟು ಡಬ್ಬಿಯ ಮುಚ್ಚಳ ಹಾಕಿದರು.